ಜಾದೂನಗರಿಯ ಬಿಸಿ ಡಾಂಬರು

ವಿಜಯಪುರ
೧೮ ಮೇ ೨೦೨೫

ಚಿ. ಸೌ. ಸಪ್ನಾಳಿಗೆ ಅಪ್ಪನ ಆಶೀರ್ವಾದಗಳು.

ನಾನು ಕ್ಷೇಮ. ನೀನು, ಅಳಿಯಂದಿರು, ಕೂಸು ಆರಾಮವಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಬೇಸರ ಬೇಡ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಪೆನ್ನು ಹಿಡಿದೆ. ‘ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡುವುದು ರಜೆ ಅರ್ಜಿಗೆ ಸರಿ. ಮಗಳಿಗೆ ಹೇಗೆ ಶುರು ಮಾಡಬೇಕೆಂದು ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ. ಆ ವಿಡಿಯೊದಲ್ಲಿ ನನ್ನ ಕೈ ಹಿಡಿದಿರುವ ಹೆಂಗಸು ಯಾರೆಂಬುದನ್ನು ನಾನೇ ಹೇಳಬೇಕು.

ಇಟ್ಟಂಗಿಹಾಳದ ಆಚೆ ಜಾದೂನಗರಿ ಅಂತ ದೊಡ್ಡ ಪಾರ್ಕು ಆಗಿದೆಯಲ್ಲ, ವರ್ಷದಿಂದ ಸೊಲ್ಲಾಪುರ ರಸ್ತೆಯ ತುಂಬ ಅದರದೇ ಬೋರ್ಡು. ಮೊದಲ ದಿನ ಪಾಸ್ ಇದ್ದವರಿಗೆ ಪುಕ್ಕಟೆ. ಜನ ಪಾಸನ್ನೇ ಝೆರಾಕ್ಸ್ ಮಾಡಿಸಿಕೊಂಡು ಬಂದುಬಿಟ್ಟರು. ತಿಕೋಟಾ, ಬಬಲೇಶ್ವರದಿಂದ ಟಂಟಂ ರಿಕ್ಷಾಗಳು ತುಂಬಿ ಬಂದವು. ಮಮದಾಪುರದ ನನ್ನ ಗೆಳೆಯ ಮಲಕಾಜಪ್ಪನೂ ಮನೆಮಂದಿಯನ್ನೆಲ್ಲ ಕರೆತಂದಿದ್ದ; ನಾನೂ ಅವರ ಜೊತೆ ಸೇರಿಕೊಂಡೆ.

ಬಾಗಿಲಲ್ಲಿ ಬಾಳೆಕಂಬ, ಮಾವಿನ ತೋರಣ; ಆಗಷ್ಟೇ ಕುಂಬಳಕಾಯಿ ಒಡೆದು ಪೂಜೆ ಮುಗಿಸಿದ್ದರು. ಮಲಕಾಜಪ್ಪ ಗಕ್ಕನೆ ನಿಂತ. “ಪೂಜಿ ಆಗೇತಿ, ಚಪ್ಲಿ ಇಲ್ಲೇ ಬಿಡ್ರಿ” ಅಂದ. ಅವನು ಬಿಟ್ಟ, ನಾನು ಬಿಟ್ಟೆ, ಹಿಂದಿದ್ದ ಜಾತ್ರೆಯಂಥ ಜನವೂ ಬಿಟ್ಟಿತು. ಗೇಟಿನವನು “ಬ್ಯಾಡ್ರೀ” ಎಂದು ಕೂಗಿದ್ದು ಮೈಕಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಒಳಗೆ ಹಿಂದಿನ ದಿನವಷ್ಟೇ ಹಾಕಿದ ಡಾಂಬರು, ನೆತ್ತಿಯ ಮೇಲೆ ಸೂರ್ಯ. ಕಾರಂಜಿಗೆ ನೀರಿಲ್ಲ, ದೊಡ್ಡ ತೊಟ್ಟಿಲು ತಿರುಗಲಿಲ್ಲ. ತಿರುಗಿದ್ದು ಜನ, ಅಂಗಾಲು ಸುಟ್ಟು. ಹೊರಗೆ ಹೋಗೋಣವೆಂದರೆ ಗೇಟಿನಲ್ಲಿ ನೂಕುನುಗ್ಗಲು. ಕಾಲೂರಲಾಗದೆ ನಾನೂ ಕುಣಿದೆ.

ಆಗ ಬಂದವರು ಕಸ್ತೂರಿ. ನಮ್ಮ ಹಿಂದಿನ ಓಣಿಯವರು, ಅಂಗನವಾಡಿಯಿಂದ ನಿವೃತ್ತರು, ನನ್ನ ಹಾಗೇ ಒಂಟಿ. ಮುಂಜಾನೆ ವಾಕಿಂಗಿನಲ್ಲಿ ಮಾತಾಡುತ್ತಿದ್ದೆವು, ಅಷ್ಟೇ. ಅವರ ಕಾಲಲ್ಲಿ ಚಪ್ಪಲಿ ಇತ್ತು.

“ಇದೇನ್ ಗುಡಿ ಏನ್ರಿ ಸರ? ಕಲ್ತಾವ್ರು, ನೀವೂ ಬಿಟ್ಟ ಬಂದೀರಿ?”

“ಮಲಕಾಜಪ್ಪ ಬಿಟ್ಟ, ಅದಕ್ಕ ನಾನೂ...”

“ಹಂಗಾರ ಇಬ್ರೂ ಕೂಡೇ ಕುಣೀರಿ!” ಅಂದರು; ಅನ್ನುತ್ತಲೇ ಒಂದು ಚಪ್ಪಲಿ ಬಿಚ್ಚಿ ಮುಂದಿಟ್ಟರು. “ಒಂದು ನಿಮಗ, ಒಂದು ನನಗ. ಕುಂಟಿಕೋತ ಹೋಗೂಣು. ಕೈ ಹಿಡೀರಿ, ಬಿದ್ದೀರಿ!”

ಬೇವಿನ ನೆರಳಿನವರೆಗೆ ಒಂದೊಂದೇ ಕಾಲಲ್ಲಿ ಹೋದೆವು. “ಲೇ ರಾಜ್ಯಾ, ಸಾಲಿ ಹುಡುಗರಂಗ ಕುಂಟಾಕತ್ತೀಯಲ್ಲೋ!” ಎಂದು ಮಲಕಾಜಪ್ಪ ಹಿಂದಿನಿಂದ ಒದರಿದ. ಇಬ್ಬರಿಗೂ ನಗೆ ತಡೆಯಲಾಗಲಿಲ್ಲ. ಅದನ್ನೇ ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದರು; ನಿನಗೆ ಬಂದದ್ದೂ ಅದೇ.

ನೆರಳಲ್ಲಿ ಕೂತ ಮೇಲೂ ಕೈ ಬಿಡಲಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಮ್ಯೂಚುವಲ್ ಏನೋ ಅನ್ನುತ್ತಾರೆ, ಮರೆತೆ. ಮರುದಿನ ನಾನೇ ಕೇಳಿದೆ, ಮದುವೆಯಾಗೋಣವೇ ಎಂದು. “ಮೊದಲ ನಿಮ್ಮ ಮಗಳಿಗೆ ಹೇಳ್ರಿ. ಆಕಿ ತವರಿಗೆ ಬರೂದು ಬಿಟ್ಲಂದ್ರ ನಾ ಒಲ್ಲೆ” ಎಂದರು.

ಈಗ ಹೇಳಿದ್ದೇನೆ. ನಿನ್ನ ಅವ್ವನನ್ನು ಮರೆತೆನೆಂದು ತಿಳಿಯಬೇಡ. ಒಮ್ಮೆ ಬಂದು ಕಸ್ತೂರಿಯವರ ಎದುರು ಕೂತು ಮಾತಾಡು. ಆಮೇಲೆ ಬೇಡವೆಂದರೆ ಅದನ್ನೂ ಕೇಳುತ್ತೇನೆ.

ಕೂಸಿಗೆ ಮುದ್ದು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ,
ರಾಜಾರಾಮ

ತಾ.ಕ.: ವಿಡಿಯೊ ನೋಡಿದ ದಿನ ನೀನು ಫೋನ್ ಮಾಡಿ, ಏನೂ ಆಡದೆ ಇಟ್ಟುಬಿಟ್ಟೆ. ಇಟ್ಟೆನೆಂದು ನೀನು ತಿಳಿದೆ. ಅದು ಕಟ್ ಆಗಿರಲಿಲ್ಲ. “ಅಪ್ಪಗ ನಾಚಿಕಿ ಇಲ್ಲೇನು” ಎಂದು ಅಳಿಯಂದಿರ ಮುಂದೆ ಅಂದದ್ದು ಕೇಳಿಸಿತು. ಅಂದಿನಿಂದ ನನ್ನೊಳಗೆ ಹುಡುಕುತ್ತಲೇ ಇದ್ದೇನೆ, ತಾಯಿ. ನಾಚಿಕೆ ಸಿಗಲಿಲ್ಲ. ನಿನ್ನ ದನಿ ಮಾತ್ರ ಕಿವಿಯಿಂದ ಹೋಗಲೊಲ್ಲದು.