ಗುಂಡಿ ಒತ್ತಿ ಕರೆದ ಹೆಸರು

ರೀ,

ನಿಮ್ಮ ಕ್ಷೇಮ ಕೇಳುವಂತಿಲ್ಲ. ನಾನಂತೂ ಚೆನ್ನಾಗಿದ್ದೇನೆ. ನನ್ನ ನಾಲಿಗೆಗೆ ಮೊಮ್ಮಕ್ಕಳು ಈಗಲೂ ಹೆದರುತ್ತವೆ.

ಅಳಿಯ ಬೊಂಬಾಯಿಯಿಂದ ಎರಡು ವಾಕಿಟಾಕಿ ತಂದಿದ್ದಾನೆ. ಕೈಲಿ ಹಿಡಿದು ಮಾತಾಡುವ ರೇಡಿಯೋ. ನಮ್ಮ ಹಾಡುವ ರೇಡಿಯೋಕ್ಕೆ ನೀವು ವರ್ಷವರ್ಷ ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸು ಕಟ್ಟುತ್ತಿದ್ದಿರಿ. ಇದಕ್ಕೆ ಅದೂ ಬೇಡವಂತೆ.

ಇವತ್ತು ಸೊಕ್ಕೆ ಊರಿನ ನಮ್ಮ ಹೊಲದಲ್ಲಿ ಒಂದನ್ನು ನನ್ನ ಕೈಗಿಟ್ಟ. ಇನ್ನೊಂದನ್ನು ಹಿಡಿದು ಮಗಳು ಕಸ್ತೂರಿ ಆಚೆ ಬದುವಿಗೆ ಹೋದಳು. ನೀವು ಎತ್ತು ನಿಲ್ಲಿಸಿ ಬುತ್ತಿಗೆ ಕಾಯುತ್ತಿದ್ದ ಬದು.

"ಯಾರನ್ನ ಕರೀತೀರೋ ಮೊದ್ಲು ಅವರ ಹೆಸ್ರು ಹೇಳ್ಬೇಕು ಅತ್ತೆ," ಅಂದ ಅಳಿಯ.

"ಹೆಸ್ರು ಕರೀದೇನೇ ಸಂಸಾರ ಮಾಡಿ ಮುಗಿಸೀನಪ್ಪ," ಅಂದೆ.

ಬದುವಿನ ಕಡೆ ನೋಡುತ್ತ ಗುಂಡಿ ಒತ್ತಿದೆ. ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ ಎಂದೂ ಆಡದ ನಿಮ್ಮ ಹೆಸರೇ ಬಾಯಿಗೆ ಬಂತು. "ಮರುಳಸಿದ್ದಪ್ಪನೋರೇ, ಬುತ್ತಿ ತಂದೀನಿ, ಬರ್ರಿ."

ಗುಂಡಿ ಬಿಟ್ಟೆ. ಬರೀ ಸುರ್ರೆನ್ನುವ ಸದ್ದು. ಆಮೇಲೆ ಕಸ್ತೂರಿಯ ದನಿ ಬಂತು.

"ಅವ್ವಾ, ಇನ್ನೊಂದ್ಸಲ ಕರಿ."

ಬದುಕಿದ್ದಾಗಲೂ ನೀವು ಮೊದಲ ಕೂಗಿಗೆ ಬಂದವರಲ್ಲ. ಅದಕ್ಕೇ ಇನ್ನೊಮ್ಮೆ ಕರೆದೆ.