ಮೂವತ್ತನೆಯ ದಿನದ ಗುಂಡುಸೂಜಿ

ಮೇಲ್ದಂಡೆ ಊರು,
ಕಾದತಿಂಗಳ ನಾಲ್ಕನೆಯ ದಿನ, ನಿಮ್ಮ ಲೆಕ್ಕದಲ್ಲಿ ಇಸವಿ ೨೨೩೧

ಮದುವೆ ನೋಂದಣಿ ಕಚೇರಿಯ ನೋಟಿಸು ಹಲಗೆ ನೋಡಿಕೊಳ್ಳುವ ಗುಮಾಸ್ತರಿಗೆ,

ನಿಮ್ಮ ಹೆಸರು ನನಗೆ ತಿಳಿಯದು. ನೀವು ಹುಟ್ಟಿ, ದುಡಿದು, ಮಣ್ಣಾಗಿ ಎಷ್ಟೋ ತಲೆಮಾರು ಕಳೆದ ಮೇಲೆ ಬರೆಯುತ್ತಿದ್ದೇನೆ, ಆದ್ದರಿಂದ ಉತ್ತರಕ್ಕೆ ಕಾಯುವ ತೊಂದರೆ ನನಗಿಲ್ಲ. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕಚೇರಿ ಕಾಗದಗಳನ್ನು ಓದಿ ಓದಿ ಆ ಕನ್ನಡವನ್ನೇ ಬರೆಯಲು ಯತ್ನಿಸಿದ್ದೇನೆ, ಆದರೂ ಕೆಲವು ಪದಗಳು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಮೇಲೆ ಬರೆದ ಕಾದತಿಂಗಳೂ ಅಂಥದ್ದೇ. ಮೇ ಮತ್ತು ಜೂನ್‌ನಿಂದ ಒಂಬತ್ತೊಂಬತ್ತು ದಿನ ಕಿತ್ತು ಮಾಡಿದ ಹದಿಮೂರನೆಯ ತಿಂಗಳು ಅದು. ಆ ಹದಿನೆಂಟು ದಿನ ಬೆಳಗಿನ ಒಂಬತ್ತರ ನಂತರ ನೆರಳಿಲ್ಲದ ಕಡೆ ಯಾರನ್ನೂ ಕೆಲಸಕ್ಕೆ ನಿಲ್ಲಿಸುವಂತಿಲ್ಲ. ನನಗೆ ನೆರಳಿನ ಕೆಲಸ, ನಾನು ಬಚಾವು.

ನನ್ನ ಹೆಸರು ಫಕೀರವ್ವ. ವಯಸ್ಸು ಎಪ್ಪತ್ತೊಂದು. ಮೂವತ್ನಾಲ್ಕು ವರ್ಷಗಳಿಂದ ಈ ಊರಿನ ತಕರಾರಿ. ತಕರಾರಿ ಎಂದರೆ ಮದುವೆಗಳಿಗೆ ತಕರಾರು ಹಾಕಲು ಊರ ಮಂಡಳಿ ನೇಮಿಸಿದವಳು. ನೀವು ಹುಬ್ಬು ಗಂಟಿಕ್ಕುತ್ತೀರಿ ಎಂದು ಗೊತ್ತು. ಆದರೆ ಈ ಹುದ್ದೆ ಹುಟ್ಟಿದ್ದು ನಿಮ್ಮ ಹಲಗೆಯಿಂದಲೇ, ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಿ.

ನಿಮ್ಮಲ್ಲಿ ಬೇರೆ ಬೇರೆ ಧರ್ಮದ ಇಬ್ಬರು ಕಾನೂನಿನ ಪ್ರಕಾರ ಮದುವೆಯಾಗಲು ಹೊರಟರೆ ಅವರ ಹೆಸರು, ವಿಳಾಸ ಬರೆದ ಹಾಳೆಯೊಂದನ್ನು ಮೂವತ್ತು ದಿನ ಹಲಗೆಗೆ ಹಾಕುತ್ತೀರಿ. ಯಾರಿಗಾದರೂ ತಕರಾರಿದ್ದರೆ ಬಂದು ಹೇಳಲಿ ಎಂಬುದು ಉದ್ದೇಶ. ಆ ಪದ್ಧತಿ ನಮ್ಮ ಕಾಲದವರೆಗೂ ಉಳಿಯಿತು. ಕಡಲು ಏರಿ ಕರಾವಳಿಯವರೆಲ್ಲ ಘಟ್ಟ ಹತ್ತಿ ಬಯಲುಸೀಮೆಗೆ ಬಂದ ಕಾಲವನ್ನು ನಾವು ಏರುಗುಳೆ ಎನ್ನುತ್ತೇವೆ. ಆ ಗದ್ದಲದಲ್ಲಿ ಮದುವೆಯಾದವರಿಗೆ ಸಿಗುವ ನೀರಿನ ಪಾಲಿಗಾಗಿ ಮುಖವನ್ನೇ ನೋಡದವರ ಜೊತೆ ಮದುವೆ ಬರೆಸಿಕೊಂಡವರು ಬಹಳ. ಅಂದಿನ ಮಂಡಳಿಯ ಜಾಣರು ಕೂತು ಯೋಚಿಸಿದರು. ನಿಜವಾದ ಜೋಡಿಯಾದರೆ ಅವರನ್ನು ಬಲ್ಲವರು ಒಬ್ಬರಾದರೂ ಇರುತ್ತಾರೆ, ಬಲ್ಲವರು ಇದ್ದಮೇಲೆ ಒಂದು ತಕರಾರಾದರೂ ಇದ್ದೇ ಇರುತ್ತದೆ. ಹಾಗಾಗಿ ಕನಿಷ್ಠ ಒಂದು ತಕರಾರು ಹಲಗೆಗೆ ಬೀಳಬೇಕು, ಅದನ್ನು ಹಾಕಿದವರೇ ಹಿಂಪಡೆಯಬೇಕು, ಆಗ ಮಾತ್ರ ಮದುವೆ ಊರ್ಜಿತ ಎಂದು ನಿಯಮ ಮಾಡಿದರು. ಕೇಳಲು ಹುಚ್ಚಾಟ ಅನ್ನಿಸಿದರೂ ಸುಳ್ಳು ಮದುವೆಗಳು ನಿಂತದ್ದು ನಿಜ.

ಆಮೇಲೆ ಜನ ತಮ್ಮ ಕೆಲಸ ಮಾಡಿದರು, ನಿಯಮವನ್ನು ಹಬ್ಬ ಮಾಡಿಕೊಂಡರು. ಸೋದರಮಾವ ಬಂದು, ಹುಡುಗಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ತಕರಾರು ಬರೆಯುತ್ತಾನೆ. ಅತ್ತೆ ಬಂದು, ಹುಡುಗ ಕನ್ನಡಿ ಮುಂದೆ ಅರ್ಧ ದಿನ ಕಳೆಯುತ್ತಾನೆ ಎಂದು ಬರೆಯುತ್ತಾಳೆ. ನನ್ನ ಮದುವೆಗೆ ನನ್ನ ಗಂಡನ ಚಿಕ್ಕಮ್ಮ ಬರೆದದ್ದು, ಈಕೆ ನಕ್ಕರೆ ಮೂರು ಓಣಿಗೆ ಕೇಳಿಸುತ್ತದೆ ಎಂದು. ಮೂವತ್ತನೆಯ ದಿನ ಹಲಗಿ ಎಂಬ ಚರ್ಮವಾದ್ಯದ ಬಡಿತ, ಮಂಡಕ್ಕಿ, ಮಿರ್ಚಿ, ಎಲ್ಲರೂ ಹಲಗೆಯ ಮುಂದೆ ಸೇರುತ್ತಾರೆ. ಹನ್ನೆರಡು ಗಂಟೆಯೊಳಗೆ ತಕರಾರು ಹಾಕಿದವರು ಹಾಳೆಯ ಗುಂಡುಸೂಜಿ ಕಿತ್ತು ಜೋಡಿಯ ಕೈಗೆ ಕೊಡುತ್ತಾರೆ. ನಮ್ಮಲ್ಲಿ ತಾಳಿ, ಉಂಗುರ ಹಾಕುವವರು ಹಾಕಿಕೊಳ್ಳಲಿ, ಮದುವೆಯ ಗುರುತು ಮಾತ್ರ ಆ ಸೂಜಿ. ಎಡ ಭುಜದ ಮೇಲೆ ಚುಚ್ಚಿಕೊಳ್ಳುತ್ತೇವೆ. ನನ್ನದು ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿದೆ, ಗಂಡ ಹೋಗಿ ಹನ್ನೊಂದು ವರ್ಷವಾದರೂ ತೆಗೆದಿಲ್ಲ.

ತಕರಾರು ಹಾಕಲು ಯಾರೂ ಇಲ್ಲದವರೂ ಇರುತ್ತಾರೆ. ಮುದುಕರು, ಬೇರೆ ಊರಿಂದ ಬಂದವರು, ಮನೆಯವರು ಮಾತು ಬಿಟ್ಟವರು. ಅವರಿಗಾಗಿ ನಾನು. ನನ್ನ ಹತ್ತಿರ ಏಳು ಸಿದ್ಧ ತಕರಾರುಗಳಿವೆ, ಸರದಿಯ ಮೇಲೆ ಬರೆಯುತ್ತೇನೆ. ಮೊದಮೊದಲು ಪ್ರತಿ ಜೋಡಿಗೂ ಹೊಸದನ್ನು ಯೋಚಿಸುತ್ತಿದ್ದೆ. ಆಮೇಲೆ ಸಾಕಾಯಿತು.

ಇನ್ನೊಂದು ಮಾತು. ನಿಮ್ಮ ಕಾಲದಲ್ಲಿ ಜನ ಬೀದಿಗಿಳಿದು, ಕೋರ್ಟು ಹತ್ತಿ ಕೇಳಿದ ಹಕ್ಕು ನಮ್ಮಲ್ಲಿ ಹಳೆಯದಾಗಿದೆ. ಯಾವ ಜಾತಿಯವರು ಯಾವ ಜಾತಿಯವರನ್ನಾದರೂ, ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಬಹುದು. ಶಾಲೆಯ ಮಕ್ಕಳಿಗೆ ಅದು ಪಾಠದಲ್ಲೂ ಬರುವುದಿಲ್ಲ, ಗಾಳಿಯ ಬಗ್ಗೆ ಯಾರು ಪಾಠ ಮಾಡುತ್ತಾರೆ. ಇಷ್ಟೆಲ್ಲ ಸಿಕ್ಕಿದ ಮೇಲೂ ನನ್ನಂಥವಳೊಬ್ಬಳು ಮದುವೆಯೊಂದನ್ನು ತಪ್ಪಿಸಿದಳು. ಅದನ್ನು ಹೇಳಲೆಂದೇ ಈ ಕಾಗದ.

ಗುರುಬಸವ್ವ ನೆರಳುಬಟ್ಟೆ ನೇಯುವವಳು. ನಮ್ಮ ಬೀದಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಕಟ್ಟುವ ದಪ್ಪ ಬಟ್ಟೆ ಅದು, ಊರಿನ ಅರ್ಧ ನೆರಳು ಆಕೆಯ ಮಗ್ಗದ್ದು. ಜುಸ್ತಿನಾ ನೀರುನಾಲಿಗೆ, ಎಂದರೆ ಬೆಳಿಗ್ಗೆ ಬೆಳಿಗ್ಗೆ ಬಾವಿಗಳ ನೀರು ಬಾಯಿಗೆ ಹಾಕಿ, ಉಪ್ಪು ಎಷ್ಟು, ಕುಡಿಯಬಹುದೇ ಎಂದು ಹೇಳುವವಳು. ಏರುಗುಳೆಯಲ್ಲಿ ಬಂದ ಕರಾವಳಿ ಮಂದಿಯ ಮೊಮ್ಮಗಳು, ಮಾತಿನಲ್ಲಿ ಇನ್ನೂ ಆ ಕಡೆಯ ರಾಗ. ಇಬ್ಬರೂ ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದರು. ಮದುವೆಯ ಯೋಚನೆಯೇ ಇರಲಿಲ್ಲ. ಗುರುಬಸವ್ವನ ಎದೆಗೆ ನೂಲಿನ ಧೂಳು ಹತ್ತಿ ಉಸಿರು ಕಡಿಮೆಯಾದ ಮೇಲೆ ಒಂದು ದಿನ ನನ್ನ ಮುಂದೆ ಬಂದು ಕೂತರು. ಇಷ್ಟು ವರ್ಷ ಬಿಟ್ಟು ಈಗ ಯಾಕೆ ಎಂದು ನಾನು ಚೇಷ್ಟೆಗೆ ಕೇಳಿದೆ.

"ನನ್ನ ಮಣ್ಣಿಗೆ ಮೊದಲನೇ ಹಿಡಿ ಈಕಿನ ಹಾಕ್ಬೇಕು," ಎಂದಳು ಗುರುಬಸವ್ವ. "ಅದಕ್ಕ ಈ ಎಲ್ಲಾ ನಾಟಕ."

ನಮ್ಮಲ್ಲಿ ಮೊದಲ ಹಿಡಿಯ ಹಕ್ಕು ಎಂಬುದಿದೆ. ಸತ್ತವರ ಕುಣಿಗೆ ಮೊದಲ ಹಿಡಿ ಮಣ್ಣು ಹಾಕುವುದು ಗಂಡ, ಹೆಂಡತಿ ಅಥವಾ ರಕ್ತಸಂಬಂಧಿ ಮಾತ್ರ. ಆ ಹಿಡಿ ಹಾಕಿದವರ ಹೆಸರೇ ಕಲ್ಲಿನ ಮೇಲೆ ಸತ್ತವರ ಹೆಸರಿನ ಕೆಳಗೆ ಬರುತ್ತದೆ. ಗುರುಬಸವ್ವನಿಗಿದ್ದ ರಕ್ತಸಂಬಂಧಿ ಎಂದರೆ ದೂರದ ಊರಿನಲ್ಲಿ ಅಣ್ಣನ ಮಗ ಒಬ್ಬ, ಅವನನ್ನು ಆಕೆ ನೋಡಿದ್ದು ತೊಟ್ಟಿಲಲ್ಲಿ.

ಸರದಿಯಲ್ಲಿ ಮುಂದಿನ ತಕರಾರು ಗೊರಕೆಯದಿತ್ತು. ಇವರಿಬ್ಬರೂ ಗೊರಕೆ ಹೊಡೆದು ಒಬ್ಬರ ನಿದ್ದೆ ಒಬ್ಬರು ಕೆಡಿಸುತ್ತಾರೆ ಎಂದು ಬರೆದು ಚುಚ್ಚಿದೆ. ಗುರುಬಸವ್ವ ಓದಿ ನಕ್ಕಳು, ನಗು ಕೆಮ್ಮಾಯಿತು, ಜುಸ್ತಿನಾ ಬೆನ್ನು ತಿಕ್ಕಿದಳು. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಜುಸ್ತಿನಾ ಒಬ್ಬಳೇ ಬಂದಳು. ಬಾವಿಯಿಂದ ನೇರ ಬಂದಿದ್ದಳು, ಸೆರಗಿನ ತುದಿ ಒದ್ದೆಯಿತ್ತು. ಗುರುಬಸವ್ವ ಎರಡು ದಿನದಿಂದ ಏನೂ ತಿಂದಿಲ್ಲ, ಮಾತು ಕಡಿಮೆಯಾಗಿದೆ ಎಂದು ಹೇಳಿದಳು. ಆಮೇಲೆ ಹಲಗೆ ನೋಡಿದಳು.

"ಅವಳಿಗೆ ಇನ್ನು ಎರಡು ದಿನ ಉಂಟಾ ಇಲ್ವಾ ಅಂತ ನನಗೆ ಗೊತ್ತಿಲ್ಲ ಮಾರಾಯ್ತಿ. ಸೂಜಿ ಇವತ್ತೇ ತೆಗಿ."

ನಾನು ಹೇಳಿದ ಉತ್ತರವನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. "ನಿಯಮ ಐತಿ ಜುಸ್ತಿನಾ. ಎರಡ ದಿನ ತಡಿ."

ಅವಳು ಜಗಳವಾಡಲಿಲ್ಲ. ನೀರುನಾಲಿಗೆಯವರು ಜಗಳವಾಡುವುದು ಕಡಿಮೆ, ಬೆಳಗಿನ ಬಾಯಿ ಹಾಳಾಗಬಾರದು ಎನ್ನುತ್ತಾರೆ. ಒದ್ದೆ ಸೆರಗು ಹಿಂಡಿಕೊಂಡು ಹೊರಟುಹೋದಳು. ನನಗೆ ಆಗ ಏನೂ ಅನ್ನಿಸಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಅವಸರ ಮಾಡಿದವರು ಅವಳೊಬ್ಬಳೇ ಅಲ್ಲ, ಎಲ್ಲರಿಗೂ ಅದೇ ಮಾತು ಹೇಳಿದ್ದೆ.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ಗುರುಬಸವ್ವ ಹೋದಳು.

ಅಣ್ಣನ ಮಗ ಮರುದಿನ ಬಂದ. ಒಳ್ಳೆಯವನೇ, ಅವನನ್ನು ಬಯ್ಯಲಾರೆ. ಯಾವ ಮಗ್ಗ, ಯಾವ ಮನೆ ಎಂದು ಗೊತ್ತಿಲ್ಲದೆ ಎಲ್ಲರ ಮುಖ ನೋಡುತ್ತ ನಿಂತಿದ್ದ. ಹೂಳುವ ಕೆಲಸ ನೋಡಿಕೊಳ್ಳುವ ಮಣ್ಣಿನ ಕಚೇರಿಯವರು ಕರೆದಾಗ ಮುಂದೆ ಹೋಗಿ ಮೊದಲ ಹಿಡಿ ಹಾಕಿದ. ಜುಸ್ತಿನಾ ನೆರೆಹೊರೆಯವರ ಸಾಲಿನಲ್ಲಿ ಏಳನೆಯವಳಾಗಿ ನಿಂತಿದ್ದಳು. ಅವಳ ಸರದಿ ಬಂದಾಗ ಕುಣಿ ಅರ್ಧ ತುಂಬಿತ್ತು. ಊರೆಲ್ಲ ಕಟ್ಟಿದ್ದ ನೆರಳುಬಟ್ಟೆಯ ಕೆಳಗೆ, ಅದನ್ನು ನೇಯ್ದವಳನ್ನು ಹೂಳಿದರು.

ಅವತ್ತು ಮನೆಗೆ ಬಂದು ನಿಯಮದ ಪುಸ್ತಕ ತೆಗೆದೆ. ನಗಬೇಡಿ, ಮೂವತ್ನಾಲ್ಕು ವರ್ಷದಲ್ಲಿ ಅದನ್ನು ತೆರೆದದ್ದು ಅದೇ ಮೊದಲು. ನನ್ನ ಹಿಂದಿನ ತಕರಾರಿ ಬಾಯಲ್ಲಿ ಹೇಳಿಕೊಟ್ಟದ್ದನ್ನು ನಾನು ನಡೆಸಿಕೊಂಡು ಬಂದಿದ್ದೆ, ಅವಳೂ ಹಾಗೆಯೇ. ಪುಸ್ತಕದಲ್ಲಿ ಮೂವತ್ತನೆಯ ದಿನ ಎಂಬುದು ಕೊನೆಯ ಗಡುವು ಅಷ್ಟೇ. ತಕರಾರನ್ನು ಹಾಕಿದ ಮರುಗಳಿಗೆಯೂ ಹಿಂಪಡೆಯಬಹುದು, ಹಿಂಪಡೆದ ಕ್ಷಣದಿಂದ ಮದುವೆ ಊರ್ಜಿತ ಎಂದು ಕನ್ನಡದಲ್ಲೇ ಬರೆದಿದೆ. ಮೂವತ್ತನೆಯ ದಿನಕ್ಕೇ ಕಾಯುವುದು ಹಲಗಿಯವರಿಗೆ ಮುಂಗಡ ಹೇಳಲು, ನೆಂಟರು ಬಂದು ಸೇರಲು ಜನ ಮಾಡಿಕೊಂಡ ರೂಢಿ. ನಾನು ನಿಯಮ ಐತಿ ಎಂದೆನಲ್ಲ, ಅಂಥ ನಿಯಮ ಇರಲೇ ಇಲ್ಲ. ಮಿರ್ಚಿ ಕರಿಯುವ ದಿನಕ್ಕಾಗಿ ನಾನು ಅವಳನ್ನು ಕಾಯಿಸಿದೆ.

ಗಡುವು ದಾಟಿದ್ದರೂ ಸೂಜಿ ಕಿತ್ತು ಜುಸ್ತಿನಾಳ ಮನೆಗೆ ಒಯ್ದೆ. ತಪ್ಪಾಯಿತು ಎಂದು ಹೇಳಿದೆ, ಪುಸ್ತಕದಲ್ಲಿ ಇದ್ದದ್ದನ್ನೂ ಹೇಳಿದೆ. ಮುಚ್ಚಿಡಬಹುದಿತ್ತು, ಅವಳು ಓದುವವಳಲ್ಲ. ಆದರೆ ಮುಚ್ಚಿಟ್ಟುಕೊಂಡು ಎಷ್ಟು ದಿನ ಬದುಕಲಿ. ಅವಳು ಸೂಜಿಯನ್ನು ಮುಟ್ಟಲಿಲ್ಲ.

"ನನಗೆ ಅದು ಬೇಡ. ಕಚೇರಿಯಲ್ಲಿ ಏನು ಬರ್ದಿದ್ದಾರೆ ಅಂತ ಕೇಳಿದೆ. ಗೊರಕೆ ಅಂತ ಉಂಟಂತೆ. ಅದನ್ನು ಅಳಿಸ್ಲಿಕ್ಕೆ ಆಗ್ತದಾ?"

ನಿಜ, ದಾಖಲೆಯಲ್ಲಿ ಹಾಗೆಯೇ ಇದೆ. ಗುರುಬಸವ್ವ, ಜುಸ್ತಿನಾ, ಮದುವೆ ಆಗಲಿಲ್ಲ, ಕಾರಣ: ಹಿಂಪಡೆಯದ ತಕರಾರು, ಗೊರಕೆ. ಸರದಿಯಲ್ಲಿ ಬಂತೆಂದು ನಾನು ಯೋಚಿಸದೆ ಬರೆದ ಮಾತು ಈಗ ಹತ್ತೊಂಬತ್ತು ವರ್ಷದ ಬಾಳಿಗೆ ಕಚೇರಿ ಕೊಟ್ಟ ಉತ್ತರ. ವಿಚಾರಣೆಯಿಲ್ಲದೆ ಅದನ್ನು ಯಾರೂ ಅಳಿಸುವಂತಿಲ್ಲ, ಒಬ್ಬರು ಸತ್ತ ಮೇಲೆ ಆ ಮದುವೆಯ ವಿಚಾರಣೆಯೂ ಇಲ್ಲ.

ಪುಸ್ತಕ ತೆರೆದಿದ್ದೆನಲ್ಲ, ಮುಚ್ಚಲಿಲ್ಲ. ಮುಂದೆ ಓದಿದೆ. ಹಲಗೆಗೆ ಬಿದ್ದ ಯಾವುದೇ ತಕರಾರನ್ನು ಮೂವತ್ತನೆಯ ದಿನ ಹನ್ನೆರಡರೊಳಗೆ ಹಿಂಪಡೆಯದಿದ್ದರೆ ಮಂಡಳಿ ವಿಚಾರಣೆ ನಡೆಸಲೇಬೇಕು, ಅದು ಮುಗಿಯುವವರೆಗೆ ತಕರಾರು ಯಾವುದರ ಮೇಲಿದೆಯೋ ಅದು ನಿಲ್ಲಬೇಕು. ತಕರಾರು ಮದುವೆಯ ಮೇಲೆಯೇ ಇರಬೇಕೆಂದು ಎಲ್ಲೂ ಬರೆದಿಲ್ಲ. ಹಲಗೆಯಿಲ್ಲದ ಕಡೆ ನೋಂದಣಿ ಪುಸ್ತಕದಲ್ಲಿ ಇಬ್ಬರ ಸಹಿ ಬಿದ್ದರೆ ಮದುವೆಗೆ ಅಷ್ಟೇ ಸಾಕೆಂದೂ ಇದೆ, ಆದ್ದರಿಂದ ಹಲಗೆ ನಿಂತರೂ ಮದುವೆಗಳು ನಿಲ್ಲವು. ಹಾಗಾಗಿ ಇಪ್ಪತ್ತೊಂಬತ್ತು ದಿನಗಳ ಹಿಂದೆ ನಾನು ಎಂಟನೆಯ ತಕರಾರೊಂದನ್ನು ಬರೆದೆ, ಮದುವೆಯ ವಿರುದ್ಧವಲ್ಲ, ಹಲಗೆಯ ವಿರುದ್ಧವೇ, ಅದನ್ನು ಹಲಗೆಗೇ ಚುಚ್ಚಿದೆ. ಈ ಹಲಗೆ ಗುರುಬಸವ್ವನ ಮಣ್ಣಿನ ಮೊದಲ ಹಿಡಿಯನ್ನು ಜುಸ್ತಿನಾಳಿಗೆ ತಪ್ಪಿಸಿತು ಎಂದು. ವಿಚಾರಣೆ ನಡೆದರೆ ಹಲಗೆಯ ದಾಖಲೆಗಳನ್ನೆಲ್ಲ ತೆರೆಯಬೇಕಾಗುತ್ತದೆ. ಆ ಒಂದು ಸಾಲನ್ನು ಅಳಿಸಲು ನನಗೆ ಕಂಡ ದಾರಿ ಇದೊಂದೇ.

ಊರು ನನ್ನ ಮೇಲೆ ಮುನಿದಿದೆ. ಹುಡುಗ ಹುಡುಗಿಯರು ಹಬ್ಬ ಕಿತ್ತುಕೊಳ್ಳುತ್ತಿದ್ದಾಳೆ ಮುದುಕಿ ಎನ್ನುತ್ತಾರೆ. ಹಲಗಿಯವರು ಮಾತಾಡಿಸುತ್ತಿಲ್ಲ. ಅವರ ಮಾತಿನಲ್ಲೂ ಸುಳ್ಳಿಲ್ಲ, ನನ್ನ ಜೀವನದ ಅತ್ಯಂತ ಖುಷಿಯ ದಿನವೂ ಆ ಹಲಗೆಯ ಮುಂದೆಯೇ ಕಳೆದದ್ದು. ಆದರೂ ಎಲ್ಲರಿಗೂ ಒಂದು ಧೈರ್ಯವಿದೆ. ಮೂವತ್ತನೆಯ ದಿನ ಬಂದರೆ ಫಕೀರವ್ವ ಸೂಜಿ ಕಿತ್ತೇ ಕೀಳುತ್ತಾಳೆ, ಅವಳ ಕೈಗೆ ಅದು ರೂಢಿ ಎಂದು. ನನಗೂ ಅದೇ ಭಯ.

ಗುಮಾಸ್ತರೇ, ನಿಮ್ಮನ್ನು ಕೆಟ್ಟವರೆನ್ನುತ್ತಿಲ್ಲ. ನೀವೂ ನನ್ನಂತೆಯೇ, ಹೇಳಿಕೊಟ್ಟ ಕೆಲಸ ಮಾಡಿ ಸಂಜೆಗೆ ಮನೆಗೆ ಹೋಗುವವರು. ಒಂದೇ ಕೋರಿಕೆ. ನೀವು ನಡೆಸುವ ನಿಯಮವನ್ನು ಒಮ್ಮೆ ಕೂತು ಪೂರ್ತಿ ಓದಿ. ಅದರಲ್ಲಿ ನಿಯಮ ಎಷ್ಟು, ರೂಢಿ ಎಷ್ಟು, ನಿಮ್ಮ ಸೋಮಾರಿತನ ಎಷ್ಟು ಎಂದು ನೋಡಿ. ಯಾರಾದರೂ ಬಂದು ಇನ್ನು ಎರಡು ದಿನ ಉಂಟೋ ಇಲ್ಲವೋ ಎಂದರೆ, ತಡಿ ಎನ್ನಬೇಡಿ. ನನಗೆ ಸುಸ್ತಾಗಿದೆ, ಹೆಚ್ಚು ಬರೆಯಲಾರೆ.

ಇವತ್ತು ಬೆಳಿಗ್ಗೆ ಜುಸ್ತಿನಾ ಬಂದಿದ್ದಳು, ಆ ದಿನದ ನಂತರ ಮೊದಲ ಬಾರಿ. ನನ್ನ ಹಾಳೆಯನ್ನು ಪಕ್ಕದವರಿಂದ ಓದಿಸಿಕೊಂಡಳು. ನಾಳೆ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹನ್ನೆರಡಕ್ಕೆ ಎಂದೆ.

"ನಾನು ಬರ್ತೇನೆ," ಎಂದಳು. "ನಿನ್ನ ಪಕ್ಕದಲ್ಲಿ ಕೂತ್ಕೊಳ್ತೇನೆ. ನಿನ್ನ ಕೈ ಎದ್ರೆ ನಾನು ಹಿಡ್ಕೊಳ್ತೇನೆ."

ಇಂತಿ,
ಫಕೀರವ್ವ
ತಕರಾರಿ, ನಾಳೆ ಹನ್ನೆರಡರವರೆಗೆ