ತಮ್ಮನ ಗೊರಕೆ

ಅಮ್ಮನಿಗೆ,

ತಮ್ಮ ಈಗ ಗೊರಕೆ ಹೊಡೆದು ನೆಮ್ಮದಿಯಾಗಿ ಮಲಗುತ್ತಾನೆ ಎಂದು ಫೋನಿನಲ್ಲಿ ಖುಷಿಪಟ್ಟೆಯಲ್ಲ, ಅದಕ್ಕೇ ಈ ಪತ್ರ. ಅದು ನಿದ್ದೆಯಲ್ಲದಿರಬಹುದು. ಬೆನ್ನಿನ ಆಪರೇಷನ್ ಆದಮೇಲೆ ಕೊಟ್ಟ ನೋವಿನ ಮಾತ್ರೆಯನ್ನು ಅವನಿನ್ನೂ ಬಿಟ್ಟಿಲ್ಲ.

ಲ್ಯಾಬಿನಲ್ಲಿ ನಾನು ದಿನವಿಡೀ ಅಳೆಯುವುದು ಇಂಥ ಮಾತ್ರೆಗಳ ಕೆಲಸವನ್ನೇ. ನೋವು ತಗ್ಗಿಸಲು ಮಿದುಳಿನಲ್ಲಿ ರಿಸೆಪ್ಟರ್ ಎಂಬ ಕೆಲವು ಬಗೆಯ ಆಸನಗಳಿವೆ. ನೋವು ತಗ್ಗಿಸಲು ಮೈಯೇ ತಯಾರಿಸುವ ಪೆಪ್ಟೈಡ್ ಎಂಬ ಪದಾರ್ಥಗಳು ತಮತಮಗೆ ಒಗ್ಗುವ ಕಡೆ ಸ್ವಲ್ಪ ಹೊತ್ತು ಕೂತು ಎದ್ದುಹೋಗುತ್ತವೆ. ತಮ್ಮನ ಮಾತ್ರೆ ಹೆಚ್ಚಾಗಿ ಒಂದೇ ಬಗೆಯ ಆಸನ ಹುಡುಕಿ ಜಾಂಡಾ ಹೂಡುತ್ತದೆ. ಗೊರಕೆಯಂತೆ ಕೇಳಿಸುತ್ತ ಉಸಿರು ಕುಗ್ಗುವುದೂ ಅಲ್ಲಿಂದಲೇ.

ಜೊತೆಗೆ ಕಳಿಸಿರುವ ಸ್ಪ್ರೇಯನ್ನು ಬೀರುವಿನಲ್ಲಿ ಬಚ್ಚಿಡಬೇಡ, ಊಟದ ಮೇಜಿನ ಮೇಲಿರಲಿ. ಅಲುಗಾಡಿಸಿದರೂ ಅವನು ಏಳದಿದ್ದರೆ ಮೂಗಿಗೆ ಒಂದು ಸಲ ಹೊಡೆದು ಆಂಬುಲೆನ್ಸ್ ಕರೆಸು. ಆ ಔಷಧಿ ಅದೇ ಆಸನಕ್ಕೆ ಇನ್ನೂ ಗಟ್ಟಿಯಾಗಿ ಅಂಟಿ, ಮಾತ್ರೆಯನ್ನು ಎಬ್ಬಿಸಿ ಕಳಿಸುತ್ತದೆ. ಆದರೆ ಮಾತ್ರೆಗಿಂತ ಬೇಗ ಅದರ ಪ್ರಭಾವ ಇಳಿಯುತ್ತದೆ. ಅವನು ಎಷ್ಟೇ ಗೋಗರೆದರೂ ಆಸ್ಪತ್ರೆಗೆ ಕಳಿಸು.

ಮಾತ್ರೆಯ ಅಮಲು ಒಮ್ಮೆಲೇ ಇಳಿದು ಎದ್ದವನು ಬಾಯಿಗೆ ಬಂದಂತೆ ಬೈಯುತ್ತಾನೆ. ಬೇಜಾರು ಮಾಡಿಕೊಳ್ಳಬೇಡ. ನಿನಗೆ ಹೇಳಿರಲಿಲ್ಲ, ಹೋದ ವರ್ಷ ನನ್ನ ರೂಮಿನಲ್ಲಿ ಇದೇ ಸ್ಪ್ರೇಯಿಂದ ಎದ್ದ ಅವನು, ಆಂಬುಲೆನ್ಸ್ ಬರುವ ತನಕ, ಬೈಯುವುದನ್ನು ನಿಲ್ಲಿಸಿದಾಗಲೆಲ್ಲ ನಾನೇ ಅವನ ಭುಜ ಹಿಡಿದು "ಇನ್ನೂ ಬೈಯೋ, ನಿಲ್ಲಿಸಬೇಡ" ಅನ್ನುತ್ತಿದ್ದೆ.

ನಿನ್ನ ದೊಡ್ಡ ಮಗಳು